‘ಮಿಸ್ ಯೂ ಅಜ್ಜಿ’ ಅನ್ನೋದನ್ನ ಕನ್ನಡದಲ್ಲಿ ಬರೆಯೋದು ಹೇಗೆ?

ಈ ಸಲದ ಪದ ಪಾಠಕ್ಕೆ ನಾವು ಆರಿಸಿಕೊಂಡಿರೋದು ಒಂದು ಇಂಗ್ಲಿಷ್ ಕ್ರಿಯಾಪದ: ‘ಮಿಸ್’. ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಪದಕ್ಕೇನು ಕೆಲಸ ಅಂತ ಕೇಳಬೇಡಿ. ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರೋ ಪದ ಇದು. ಬಸ್ ಮಿಸ್ ಆಯ್ತು, ಇಂಟರ್ನಲ್ಸ್‌ನಲ್ಲಿ ಒಂದು ಮಾರ್ಕ್ ಮಿಸ್ ಆಯ್ತು, ಮಿಸ್ಡ್ ಕಾಲ್ ಕೊಡು, ಊರನ್ನ ಮಿಸ್ ಮಾಡ್ಕೊಳ್ತಿದೀನಿ. ಇಷ್ಟು ಬಳಸೋ ಪದದ ಅರ್ಥ ನಮಗೆ ಗೊತ್ತಿದೆ ಅಂದುಕೊಂಡಿದ್ವಿ. ಒಂದು ಕಾಗದ ಬರೆಯೋಕೆ ಕೂತಾಗ ಗೊತ್ತಿಲ್ಲ ಅಂತ ಗೊತ್ತಾಯ್ತು.

ನಾವು ಅಂದ್ರೆ ಅಣ್ಣ ತಂಗಿ ಇಬ್ಬರು. ಒಬ್ಬರು ಇದೇ ಕಾಲೇಜಿನಲ್ಲಿ ಸೆಕೆಂಡ್ ಇಯರ್ ಕಂಪ್ಯೂಟರ್ ಸೈನ್ಸ್, ಇನ್ನೊಬ್ಬಳು ಪಿಯುಸಿ. ಮನೆ ಸುಬ್ರಹ್ಮಣ್ಯಪುರದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ನಾವು ಹುಟ್ಟಿದಾಗಿನಿಂದ ಅಜ್ಜಿ ನಮ್ಮ ಜೊತೆಗೇ ಇದ್ದರು. ಹೋದ ವರ್ಷ ಮಂಡಿನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತಿ ಇಳಿಯೋದು ಆಗಲೇ ಇಲ್ಲ. ತಿಪಟೂರಿನಲ್ಲಿ ದೊಡ್ಡಪ್ಪನ ಮನೆ ನೆಲಮಟ್ಟದಲ್ಲಿದೆ, ಅಂಗಳ ಇದೆ. ಅಲ್ಲಿಗೆ ಹೋದರು. ಕಿವಿ ಮಂದ, ಫೋನಿನಲ್ಲಿ ಮಾತಾಡಿದ್ರೆ ಅರ್ಧ ಕೇಳಿಸಲ್ಲ. ಕಣ್ಣು ಮಾತ್ರ ಚೆನ್ನಾಗಿದೆ, ಕನ್ನಡಕ ಹಾಕಿಕೊಂಡು ಪೇಪರ್ ಪೂರ್ತಿ ಓದ್ತಾರೆ. ಹಾಗಾಗಿ ಅಮ್ಮ ಹೇಳಿದರು, “ಫೋನಲ್ಲಿ ಕಿರುಚೋ ಬದಲು ಒಂದು ಕಾಗದ ಬರೀರಿ.”

ನಾವಿಬ್ಬರೂ ಇಂಗ್ಲಿಷ್ ಮೀಡಿಯಂ. ಕನ್ನಡ ಓದಿದ್ದು ಸೆಕೆಂಡ್ ಲ್ಯಾಂಗ್ವೇಜ್ ಆಗಿ, ಅದೂ ಪತ್ರಲೇಖನ ಅಂದ್ರೆ ಮುಖ್ಯೋಪಾಧ್ಯಾಯರಿಗೆ ರಜೆ ಕೋರಿ ಅರ್ಜಿ. ಆದರೂ ಧೈರ್ಯ ಮಾಡಿ “ಪೂಜ್ಯ ಅಜ್ಜಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ” ಅಂತ ಶುರು ಮಾಡಿದ್ವಿ. ಎರಡನೇ ಸಾಲು “ಅಜ್ಜಿ, ನಾವು ನಿನ್ನನ್ನು ತುಂಬಾ” ಅಂತ ಬರೆದು ಅಲ್ಲೇ ನಿಂತ್ವಿ. ತುಂಬಾ ಏನು? ಮಿಸ್ ಅನ್ನೋ ಜಾಗಕ್ಕೆ ಕನ್ನಡದಲ್ಲಿ ಯಾವ ಪದ ಹಾಕೋದು?

ಮೊದಲ ಅರ್ಥ: ಗುರಿ ತಪ್ಪೋದು

ಮಿಸ್ ಪದ ಇಂಗ್ಲಿಷಿನಲ್ಲಿ ತುಂಬಾ ಹಳೆಯದು. ಹಳೆ ಇಂಗ್ಲಿಷಿನಲ್ಲಿ ಇದರ ರೂಪ ‘ಮಿಸ್ಸನ್’. ಹೊಡೆದದ್ದು ಗುರಿಗೆ ತಾಗಲಿಲ್ಲ ಅನ್ನೋದೇ ಅದರ ಮುಖ್ಯ ಅರ್ಥ. (ಶಾಲೆಯಲ್ಲಿ ನಾವು ಟೀಚರನ್ನ ‘ಮಿಸ್’ ಅಂತ ಕರೀತಿದ್ವಲ್ಲ, ಅದು ಬೇರೆ ಪದ. ಅದು ‘ಮಿಸ್ಟ್ರೆಸ್’ ಅನ್ನೋದರ ಮೊಟಕು ರೂಪ. ಎರಡಕ್ಕೂ ಸಂಬಂಧ ಇಲ್ಲ.)

ಹಳೆ ಇಂಗ್ಲಿಷಿನ ದೊಡ್ಡ ಕಾವ್ಯ ‘ಬೇವುಲ್ಫ್’. ಅದರ ಉಳಿದಿರೋ ಹಸ್ತಪ್ರತಿ ಸುಮಾರು ಸಾವಿರ ವರ್ಷ ಹಳೆಯದು. ಅದರಲ್ಲಿ ಈ ಕ್ರಿಯಾಪದ ಬರೋ ಒಂದು ಸಂದರ್ಭ ಮರೆಯೋಕಾಗಲ್ಲ. ಹ್ರೆಥೆಲ್ ಅನ್ನೋ ರಾಜನಿಗೆ ಮೂವರು ಗಂಡುಮಕ್ಕಳು. ಒಬ್ಬ ಮಗ ಬಿಲ್ಲಿನಿಂದ ಬಾಣ ಬಿಡ್ತಾನೆ, ಅದು ಗುರಿ ತಪ್ಪಿ ಸ್ವಂತ ಅಣ್ಣನಿಗೆ ತಾಗಿ ಅವನು ಸಾಯ್ತಾನೆ. ಕೊಂದವನೂ ಮಗನೇ, ಸತ್ತವನೂ ಮಗನೇ. ರಾಜ ಯಾರ ಮೇಲೆ ಸೇಡು ತೀರಿಸಿಕೊಳ್ಳಬೇಕು? ಅದೇ ಕೊರಗಿನಲ್ಲಿ ಮುದುಕ ಪ್ರಾಣ ಬಿಡ್ತಾನೆ. ‘ಗುರಿ ತಪ್ಪಿತು’ ಅನ್ನೋದಕ್ಕೆ ಕವಿ ಬಳಸಿರೋದು ಇದೇ ಮಿಸ್. ಅಣ್ಣನನ್ನ ಕಳೆದುಕೊಂಡ ನೋವಿಗೆ ಆಗಿನ್ನೂ ಈ ಪದ ಬಳಸಿಲ್ಲ, ಬಾಣಕ್ಕೆ ಮಾತ್ರ.

ಈ ಮೊದಲ ಅರ್ಥಕ್ಕೆ ಕನ್ನಡದಲ್ಲಿ ಸರಿಯಾದ ಜೋಡಿ ಇದೆ: ‘ತಪ್ಪು’. ಗುರಿ ತಪ್ಪಿತು, ಬಸ್ ತಪ್ಪಿತು, ದಾರಿ ತಪ್ಪಿತು. “ಮಿಸ್ ಮಾಡದೇ ಬನ್ನಿ” ಅನ್ನೋದನ್ನ ನಮ್ಮ ತಾತಂದಿರು “ತಪ್ಪದೇ ಬನ್ನಿ” ಅಂತ ಲಗ್ನಪತ್ರಿಕೆಯಲ್ಲಿ ಹಾಕಿಸ್ತಿದ್ರು. “ಜಸ್ಟ್ ಮಿಸ್” ಅಂದ್ರೆ “ಸ್ವಲ್ಪದರಲ್ಲಿ ತಪ್ಪಿತು”.

ಇಲ್ಲೊಂದು ಮಜಾ ಇದೆ. ಕನ್ನಡದಲ್ಲಿ ‘ತಪ್ಪು’ ಕ್ರಿಯಾಪದವೂ ಹೌದು, ‘ದೋಷ’ ಅನ್ನೋ ಅರ್ಥದ ನಾಮಪದವೂ ಹೌದು. ಇಂಗ್ಲಿಷಿನಲ್ಲೂ ‘ಮಿಸ್ಟೇಕ್’, ‘ಮಿಸ್‌ಯೂಸ್’ ಪದಗಳ ಮುಂದೆ ಇರೋ ‘ಮಿಸ್’ ಮತ್ತು ಈ ಕ್ರಿಯಾಪದ ಒಂದೇ ಹಳೆಯ ಬೇರಿನಿಂದ ಬಂದವು. ಎರಡು ಭಾಷೆಗೂ ನೆಂಟಸ್ತಿಕೆ ಏನೂ ಇಲ್ಲ. ಆದರೂ ಗುರಿ ತಪ್ಪೋದನ್ನೂ ತಪ್ಪು ಮಾಡೋದನ್ನೂ ಎರಡೂ ಅಕ್ಕಪಕ್ಕ ಇಟ್ಟಿವೆ.

ಆದರೆ “ಅಜ್ಜಿ, ನಾವು ನಿನ್ನನ್ನು ತುಂಬಾ ತಪ್ಪುತ್ತಿದ್ದೇವೆ” ಅಂತ ಬರೆಯೋಕಾಗುತ್ತಾ? ಆಗಲ್ಲ. ತಂಗಿ ಬರೆದು ನೋಡಿದಳು, ಇಬ್ಬರೂ ನಕ್ಕು ಹೊಡೆದು ಹಾಕಿದ್ವಿ.

ಎರಡನೇ ಅರ್ಥ: ಇಲ್ಲದೆ ನಡೆಸೋದು

ಮೊದಲ ಪದ ಸಿಗದಿದ್ದಾಗ ಸುತ್ತುಬಳಸಿ ಬರೆದ್ವಿ. “ನೀನಿಲ್ಲದೆ ಕಾಫಿ ಡಿಕಾಕ್ಷನ್ ಸರಿಯಾಗ್ತಿಲ್ಲ. ಸೊಪ್ಪು ಬಿಡಿಸೋರಿಲ್ಲ. ಒಣಗಿದ ಬಟ್ಟೆ ಕುರ್ಚಿ ಮೇಲೇ ಬಿದ್ದಿರುತ್ತೆ.” ಇಷ್ಟು ಬರೆದು ಅಮ್ಮನಿಗೆ ತೋರಿಸಿದ್ವಿ. ಓದಿ ಸುಮ್ಮನೆ ಕೇಳಿದರು, “ಇದು ಅಜ್ಜಿಗೆ ಬರೆದಿದ್ದಾ, ಮನೆಕೆಲಸಕ್ಕೆ ಬೇಕಾಗಿದ್ದಾರೆ ಅಂತ ಜಾಹೀರಾತಾ?”

ನಮಗೆ ಮುಖ ಎತ್ತೋಕಾಗಲಿಲ್ಲ. ಯಾಕಂದ್ರೆ ಅಮ್ಮ ಹೇಳಿದ್ದು ನಿಜ. ಅಜ್ಜಿ ಹೋದ ಮೊದಲ ವಾರ ನಮಗೆ ಗೊತ್ತಾಗಿದ್ದು ಅಜ್ಜಿ ಇಲ್ಲ ಅಂತಲ್ಲ, ಕೆಲಸ ಆಗ್ತಿಲ್ಲ ಅಂತ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಮಿಸ್ ಪದಕ್ಕೆ ಒಂದು ಕಾಲದಲ್ಲಿ ಇದೇ ಅರ್ಥವೂ ಇತ್ತು. ಷೇಕ್ಸ್‌ಪಿಯರ್‌ನ ‘ದಿ ಟೆಂಪೆಸ್ಟ್’ ನಾಟಕ 1611ರಲ್ಲಿ ಆಡಿದ್ದು. ಕುವೆಂಪು ಅವರ ‘ಬಿರುಗಾಳಿ’ ಇದೇ ನಾಟಕದ ರೂಪಾಂತರ. ಮೊದಲ ಅಂಕದಲ್ಲಿ ಪ್ರಾಸ್ಪೆರೊ ತನ್ನ ಮಗಳು ಮಿರಾಂಡಾಗೆ ಗುಲಾಮ ಕ್ಯಾಲಿಬನ್ ಬಗ್ಗೆ ಹೇಳ್ತಾನೆ. ಅವಳಿಗೆ ಅವನ ಮುಖ ನೋಡೋಕೂ ಇಷ್ಟ ಇಲ್ಲ. ಅಪ್ಪ ಹೇಳೋದು, ಏನೇ ಇರಲಿ, ನಾವು ಅವನನ್ನ ಮಿಸ್ ಮಾಡೋಕಾಗಲ್ಲ, ಬೆಂಕಿ ಹಚ್ಚೋನು ಸೌದೆ ತರೋನು ಅವನೇ ಅಂತ. ಇವತ್ತಿನ ಇಂಗ್ಲಿಷ್ ಗೊತ್ತಿರೋ ನಮಗೆ ಇದು ತಲೆಕೆಳಗಾಗಿ ಕೇಳಿಸುತ್ತೆ. ಅಲ್ಲಿ ಮಿಸ್ ಅಂದ್ರೆ ‘ಇಲ್ಲದೆ ನಡೆಸು’ ಅಂತ. ಅವನಿಲ್ಲದೆ ನಮ್ಮ ಸಂಸಾರ ನಡೆಯಲ್ಲ ಅನ್ನೋದು ಮಾತಿನ ತಿರುಳು. ಅದರಲ್ಲಿ ಪ್ರೀತಿ ಒಂದು ಚೂರೂ ಇಲ್ಲ, ಲೆಕ್ಕಾಚಾರ ಮಾತ್ರ. ಈ ಅರ್ಥ ಇವತ್ತಿನ ಇಂಗ್ಲಿಷಿನಿಂದ ಬಿಟ್ಟುಹೋಗಿದೆ.

ನಾವು ಬರೆದ ಮೊದಲ ಕಾಗದ ಪ್ರಾಸ್ಪೆರೊ ಕಾಗದ ಆಗಿತ್ತು. ಹರಿದು ಹಾಕಿದ್ವಿ.

ಮೂರನೇ ಅರ್ಥ: ಇರಬೇಕಾದ ಜಾಗದಲ್ಲಿ ಇಲ್ಲ

ಇವತ್ತು ನಾವು ‘ಮಿಸ್ ಯೂ’ ಅಂತ ಕಳಿಸ್ತೀವಲ್ಲ, ಆ ಅರ್ಥ ಇಂಗ್ಲಿಷಿಗೆ ಆಮೇಲೆ ಬಂದದ್ದು. ಅದು ಹೇಗೆ ಬಂತು ಅನ್ನೋದಕ್ಕೆ ಒಳ್ಳೆ ಉದಾಹರಣೆ ಥಾಮಸ್ ಗ್ರೇ ಕವಿಯ ‘ಎಲಿಜಿ’, 1751ರಲ್ಲಿ ಅಚ್ಚಾದ ಕವನ. ಹಳ್ಳಿಯ ಸ್ಮಶಾನದಲ್ಲಿ ಕೂತು ಬರೆದ ಹಾಗಿರೋ ಕವನ ಅದು. ಕೊನೆಗೆ ಒಬ್ಬ ಮುದುಕ ಒಬ್ಬ ಯುವಕನ ಬಗ್ಗೆ ಹೇಳ್ತಾನೆ: ದಿನಾ ಆ ಗುಡ್ಡದ ಮೇಲೆ, ಆ ಮರದ ಹತ್ತಿರ ಕಾಣಿಸ್ತಿದ್ದ, ಒಂದು ಬೆಳಗ್ಗೆ ಅಲ್ಲಿ ಕಾಣಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಅವನ ಶವ ಹೊತ್ತುಕೊಂಡು ಬಂದರು. ‘ಕಾಣಲಿಲ್ಲ’ ಅನ್ನೋ ಜಾಗದಲ್ಲಿ ಗ್ರೇ ಹಾಕಿರೋ ಕ್ರಿಯಾಪದ ಮಿಸ್. ಮುದುಕ ಅತ್ತ ಅಂತ ಹೇಳಿಲ್ಲ, ದುಃಖವಾಯ್ತು ಅಂತಾನೂ ಹೇಳಿಲ್ಲ. ದಿನಾ ನೋಡೋ ಜಾಗ ನೋಡಿದ, ಅಲ್ಲಿ ಅವನಿರಲಿಲ್ಲ, ಅಷ್ಟೇ. ಆದರೆ ಓದೋ ನಮಗೆ ಹೊಟ್ಟೇಲಿ ಏನೋ ಆಗುತ್ತೆ.

ನಮ್ಮ ಬ್ರಾಂಚಿನವರಿಗೆ ಇದು ಬೇಗ ಅರ್ಥವಾಗುತ್ತೆ. ಕಂಪ್ಯೂಟರ್ ಆರ್ಗನೈಸೇಷನ್‌ನಲ್ಲಿ ಕ್ಯಾಶ್ ಮೆಮೊರಿ ಪಾಠ ನೆನಪಿಸಿಕೊಳ್ಳಿ. ಪ್ರೊಸೆಸರ್‌ಗೆ ಡೇಟಾ ಬೇಕಾದಾಗ ಮೊದಲು ಹತ್ತಿರದ ಕ್ಯಾಶ್‌ನಲ್ಲಿ ಹುಡುಕುತ್ತೆ. ಸಿಕ್ಕಿದ್ರೆ ಹಿಟ್, ಸಿಗದಿದ್ರೆ ಮಿಸ್. ಮಿಸ್ ಆದ್ರೆ ದೂರದ ಮೇನ್ ಮೆಮೊರಿಗೆ ಹೋಗಿ ತರಬೇಕು, ಅದಕ್ಕೆ ಹಿಡಿಯೋ ಹೆಚ್ಚಿನ ಸಮಯಕ್ಕೆ ‘ಮಿಸ್ ಪೆನಾಲ್ಟಿ’ ಅಂತಾರೆ. ಇಲ್ಲಿ ಗಮನಿಸಬೇಕಾದ್ದು ಒಂದೇ. ಯಾರೂ ಕೇಳದ ಡೇಟಾ ಕ್ಯಾಶ್‌ನಲ್ಲಿ ಇಲ್ಲದಿದ್ರೆ ಅದು ಮಿಸ್ ಅಲ್ಲ. ಕೇಳಿದಾಗ ಇಲ್ಲದಿದ್ರೆ ಮಾತ್ರ ಮಿಸ್.

ಮನೇಲೂ ಹಾಗೇ. ಕಾಲೇಜಿಂದ ಬಂದು ಬಾಗಿಲು ತೆಗೆದ ತಕ್ಷಣ “ಅಜ್ಜೀ, ನೀರು” ಅಂತ ಬಾಯಿಂದ ಬಂದುಬಿಡುತ್ತೆ. ಕೋಣನಕುಂಟೆ ಕ್ರಾಸ್ ಮೆಟ್ರೋ ಇಳಿದು ಮನೆ ತನಕ ನಡೆಯುವಾಗ ಅಜ್ಜಿಯ ಯೋಚನೆಯೇ ಇರಲಿಲ್ಲ. ಕೇಳಿದ ಮೇಲೆ, ಉತ್ತರ ಬರದಿದ್ದಾಗ ಅಜ್ಜಿ ಇಲ್ಲ ಅಂತ ಗೊತ್ತಾಗುತ್ತೆ.

ಕನ್ನಡ ಈ ಪದವನ್ನ ಏನು ಮಾಡಿಕೊಂಡಿದೆ?

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷ್ ಕ್ರಿಯಾಪದ ಕನ್ನಡಕ್ಕೆ ಬಂದ್ರೆ ಒಬ್ಬಂಟಿಯಾಗಿ ನಿಲ್ಲಲ್ಲ. ‘ಮಾಡು’ ಅಥವಾ ‘ಆಗು’ ಅನ್ನೋ ನಮ್ಮ ಕ್ರಿಯಾಪದದ ಕೈ ಹಿಡೀಬೇಕು. ಮಿಸ್ ವಿಷಯದಲ್ಲಿ ಇದರಿಂದ ಅರ್ಥವೇ ಬೇರೆಯಾಗುತ್ತೆ. ಈ ಮೂರು ವಾಕ್ಯ ನೋಡಿ.

1. ಬಸ್ ಮಿಸ್ ಆಯ್ತು.
2. ಕ್ಲಾಸ್ ಮಿಸ್ ಮಾಡ್ದೆ.
3. ಒಳ್ಳೆ ಊಟ ಮಿಸ್ ಮಾಡ್ಕೊಂಡೆ.

ಮೊದಲನೆಯದರಲ್ಲಿ ಯಾರ ತಪ್ಪೂ ಇಲ್ಲ, ಬಸ್ ಹೊರಟುಹೋಗಿತ್ತು. ಎರಡನೆಯದರಲ್ಲಿ ನಾವೇ ಬೇಕಂತ ಹೋಗಲಿಲ್ಲ ಅನ್ನೋ ವಾಸನೆ ಇದೆ. (ಅಟೆಂಡೆನ್ಸ್ ಕಮ್ಮಿಯಾದವರು ಲೆಕ್ಚರರ್ ಮುಂದೆ ‘ಮಿಸ್ ಆಯ್ತು ಸರ್’ ಅಂತಾನೇ ಹೇಳೋದು, ‘ಮಿಸ್ ಮಾಡ್ದೆ ಸರ್’ ಅಂತ ಯಾರೂ ಹೇಳಲ್ಲ. ಗಮನಿಸಿ ನೋಡಿ.) ಮೂರನೆಯದರಲ್ಲಿ ‘ಕೊಳ್ಳು’ ಸೇರಿದೆ. ಅಂದ್ರೆ ನಷ್ಟ ನಮಗೇ ಆಯ್ತು ಅಂತ.

ಜನರ ವಿಷಯಕ್ಕೆ ಬಂದಾಗ ನಾವು ಯಾವಾಗಲೂ ಮೂರನೆಯದನ್ನೇ ಬಳಸ್ತೀವಿ. “ಅಜ್ಜಿನ ಮಿಸ್ ಮಾಡ್ಕೊಳ್ತಿದೀವಿ” ಅಂತೀವಿ. “ಅಜ್ಜಿನ ಮಿಸ್ ಮಾಡ್ತಿದೀವಿ” ಅಂತ ಕೆಲವರು ಹೇಳೋದು ಕೇಳಿದ್ದೀವಿ, ಆದರೆ ಕಿವಿಗೆ ಸ್ವಲ್ಪ ಒರಟು, ಕಲ್ಲು ಹೊಡೆದು ಗುರಿ ತಪ್ಪಿದ ಹಾಗೆ. ಆ ಸಣ್ಣ ‘ಕೊಳ್ಳು’ ಇಂಗ್ಲಿಷಿನಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಬಾಣಕ್ಕೂ ಅಜ್ಜಿಗೂ ಒಂದೇ ಮಿಸ್, ಕನ್ನಡ ಎರಡನ್ನೂ ಬೇರೆ ಮಾಡಿದೆ. ಹಾಗಾಗಿ ‘ಮಿಸ್ ಮಾಡ್ಕೊ’ ಅನ್ನೋದು ಪೂರ್ತಿ ಇಂಗ್ಲಿಷ್ ಅಂತ ಬೈಯೋರಿಗೆ ನಮ್ಮ ಉತ್ತರ: ಪದ ಅವರದು, ವ್ಯಾಕರಣ ನಮ್ಮದು.

ಆದರೂ ಅಜ್ಜಿಗೆ ಬರೆಯೋ ಕಾಗದದಲ್ಲಿ ಅದನ್ನ ಹಾಕೋಕೆ ಮನಸ್ಸು ಬರಲಿಲ್ಲ. ಅಜ್ಜಿಗೆ ‘ಮಿಸ್’ ಅಂದ್ರೆ ನಮ್ಮ ಎಲ್‌ಕೆಜಿ ಟೀಚರ್.

ಹಾಗಾದ್ರೆ ಕನ್ನಡದಲ್ಲಿ ಪದವೇ ಇಲ್ವಾ?

ಇದೆ, ಬೇಕಾದಷ್ಟಿದೆ. ಆದರೆ ಇಂಗ್ಲಿಷಿನ ಜಾಗದಲ್ಲಿ ಹುಡುಕಿದ್ರೆ ಸಿಗಲ್ಲ. ಇಂಗ್ಲಿಷ್ ವಾಕ್ಯದಲ್ಲಿ ‘ನಾನು’ ಕರ್ತೃ, ‘ನೀನು’ ಕರ್ಮ. ಅಂದ್ರೆ ನಾನು ನಿನ್ನ ಮೇಲೆ ಏನೋ ಮಾಡ್ತಿರೋ ಹಾಗೆ. ಫ್ರೆಂಚರು ಇದನ್ನೇ ತಿರುಗಿಸಿ ‘ನೀನು ನನಗೆ ಕಮ್ಮಿಯಾಗಿದ್ದೀಯ’ ಅನ್ನೋ ರೀತಿ ಹೇಳ್ತಾರಂತೆ. ಕನ್ನಡದ ದಾರಿ ಇನ್ನೊಂದು: “ನಮಗೆ ನಿನ್ನ ನೆನಪಾಗುತ್ತೆ.” ಇಲ್ಲಿ ನಾವು ಕರ್ತೃ ಅಲ್ಲ, ನೆನಪು ಕರ್ತೃ. ಹಸಿವಾಗುತ್ತೆ, ಚಳಿಯಾಗುತ್ತೆ ಅನ್ನೋ ಹಾಗೆ ನೆನಪಾಗುತ್ತೆ. ನಾವು ಬೇಡ ಅಂದ್ರೂ ತಾನಾಗಿ ಬರುತ್ತೆ.

‘ಹಂಬಲಿಸು’ ಅಂತ ಒಂದು ಒಳ್ಳೆ ಕ್ರಿಯಾಪದ ಇದೆ. ಆದರೆ “ನಿನಗಾಗಿ ಹಂಬಲಿಸುತ್ತಿದ್ದೇವೆ” ಅಂತ ಅಜ್ಜಿಗೆ ಬರೆದ್ರೆ ಹಳೇ ಸಿನಿಮಾ ಡೈಲಾಗ್ ಆಗುತ್ತೆ. ‘ವಿರಹ’ ಇದೆ, ಅದು ಗಂಡ ಹೆಂಡತಿಗೆ, ಪ್ರೇಮಿಗಳಿಗೆ, ಭಕ್ತರಿಗೆ. 12ನೇ ಶತಮಾನದ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನ ಕರೆದು ಚೆನ್ನಮಲ್ಲಿಕಾರ್ಜುನನನ್ನ ಕಂಡಿರಾ ಅಂತ ಕೇಳ್ತಾಳೆ. ಆ ವಚನದಲ್ಲೂ ‘ನೀನಿಲ್ಲದೆ ನನಗೆ ದುಃಖ’ ಅನ್ನೋ ಹೇಳಿಕೆ ಇಲ್ಲ, ಬರೀ ವಿಚಾರಣೆ ಇದೆ. ಕೇಳೋ ರೀತಿಯಲ್ಲೇ ಅವಳ ಪಾಡು ಗೊತ್ತಾಗುತ್ತೆ.

ಕಾಳಿದಾಸನ ಮೇಘದೂತವನ್ನ ಬೇಂದ್ರೆ 1943ರಲ್ಲಿ ಕನ್ನಡಕ್ಕೆ ತಂದರು. ಒಂದು ವರ್ಷ ಊರು ಬಿಟ್ಟಿರಬೇಕಾದ ಯಕ್ಷ ಮೋಡದ ಕೈಲಿ ಹೆಂಡತಿಗೆ ಸುದ್ದಿ ಕಳಿಸ್ತಾನೆ. ಅವನು ಏನು ಹೇಳಿ ಕಳಿಸ್ತಾನೆ? ಮೊದಲು ದಾರಿ. ಆಮೇಲೆ ಮನೆ ಗುರುತು: ಬಾಗಿಲ ಪಕ್ಕ ಶಂಖ ಪದ್ಮದ ಚಿತ್ರ, ಹೆಂಡತಿ ಮಗನ ಹಾಗೆ ಸಾಕಿದ ಎಳೇ ಮಂದಾರ ಗಿಡ, ಮೆಟ್ಟಿಲಿರೋ ಕೊಳ. ಮೋಡಕ್ಕೆ ದಾರಿ ಹೇಳೋ ನೆಪದಲ್ಲಿ ಅವನು ಮನೆಯನ್ನೆಲ್ಲ ಒಂದು ಸುತ್ತು ನೋಡಿಬಿಡ್ತಾನೆ. ಎಷ್ಟು ವಿವರ ನೆನಪಿದೆಯೋ ಅಷ್ಟು ನೋವಿದೆ ಅಂತ ನಮಗೆ ಅರ್ಥವಾಗುತ್ತೆ. ಇದನ್ನ ಓದಿದಾಗ ಒಂದು ಕ್ರಿಯಾಪದಕ್ಕಾಗಿ ನಾವು ಇಷ್ಟು ಒದ್ದಾಡ್ತಿರೋದೇ ತಪ್ಪೇನೋ ಅನ್ನಿಸ್ತು.

ಇಂಥ ಪದದ ಪ್ರಶ್ನೆಗಳಿಗೆ ಉತ್ತರ ಹೇಳೋರು ನಮ್ಮ ಪಕ್ಕದ ಜಯನಗರದಲ್ಲೇ ಇದ್ದರು, ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021). ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಅರ್ಥ ಬರೀತಿದ್ರು. ನಾವು ಆ ಕಾಲಕ್ಕೆ ತಡವಾಗಿ ಹುಟ್ಟಿದ್ವಿ. ಹಾಗಾಗಿ ಅಡುಗೆಮನೆಗೆ ಹೋಗಿ ಅಮ್ಮನನ್ನೇ ಕೇಳಿದ್ವಿ. “ಅಮ್ಮ, ನೀನು ಮದುವೆಯಾಗಿ ಬಂದಾಗ ನಿಮ್ಮ ಅಮ್ಮ ಏನಂತ ಕಾಗದ ಬರೀತಿದ್ರು?”

ಅಮ್ಮ ಒಗ್ಗರಣೆ ಹಾಕ್ತಾ ಹಿಂದಕ್ಕೆ ತಿರುಗದೇ ಹೇಳಿದರು, “ಮನೆ ಬಿಕೋ ಅನ್ನುತ್ತೆ ಅಂತ.”

ಅಷ್ಟೇ. ಒಂದು ವಾರದಿಂದ ಹುಡುಕ್ತಿದ್ದ ಪದ. ನಾವು ಈ ಪದ ಕೇಳಿಲ್ಲದೇ ಏನಿಲ್ಲ, ಆದರೆ ಬಳಸಿರಲಿಲ್ಲ. ‘ಬಿಕೋ ಅನ್ನು’ ಅನ್ನೋದರಲ್ಲಿ ಕರ್ತೃ ನಾವೂ ಅಲ್ಲ, ಅಜ್ಜಿಯೂ ಅಲ್ಲ, ಮನೆ. ‘ಜುಳುಜುಳು’, ‘ಗುಯ್’ ಅನ್ನೋ ಹಾಗೆ ಇದೂ ಸದ್ದಿನ ರೂಪದ ಪದ, ಆದರೆ ಇದು ಸದ್ದೇ ಇಲ್ಲದಿರೋದರ ಸದ್ದು. ಇದರ ಜೊತೆಗೆ ಅಮ್ಮ ಇನ್ನೂ ಕೆಲವು ಹೇಳಿದರು: ಕೈ ಮುರಿದ ಹಾಗಾಗಿದೆ, ಹೊತ್ತೇ ಹೋಗಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಬಿಕ್ಕಳಿಕೆ ಬಂದ್ರೆ “ಯಾರೋ ನೆನೆಸ್ಕೊಳ್ತಿದಾರೆ” ಅಂತೀವಲ್ಲ, ಅದೂ ಈ ಪಟ್ಟಿಗೇ ಸೇರಬೇಕು.

ಕೊನೆಗೆ ನಾವು ಬರೆದದ್ದು

“ಅಜ್ಜಿ, ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಬಾಲ್ಕನಿಯಲ್ಲಿ ನಿನ್ನ ಕುರ್ಚಿ ಅಲ್ಲೇ ಇದೆ, ಯಾರೂ ಕೂರಲ್ಲ. ಬೆಳಗ್ಗೆ ಪೇಪರ್ ಜೋರಾಗಿ ಓದೋರಿಲ್ಲ, ಅದಕ್ಕೆ ನಮಗೆ ಊರಿನ ಸುದ್ದಿ ಏನೂ ಗೊತ್ತಾಗಲ್ಲ. ಬಾಗಿಲು ತೆಗೆದಾಗ ಇನ್ನೂ ನಿನ್ನನ್ನೇ ಕೂಗ್ತೀವಿ. ಆಮೇಲೆ ನೆನಪಾಗುತ್ತೆ. ಡಿಕಾಕ್ಷನ್ ಹಾಕೋದು ಕಲಿತಿದ್ದೀವಿ, ಅದರ ಯೋಚನೆ ಬೇಡ.”

ಕೊನೆಯ ಸಾಲು ಸೇರಿಸಿದ್ದು ಬೇಕಂತಲೇ. ಕೆಲಸಕ್ಕಾಗಿ ಕರೀತಿಲ್ಲ ಅಂತ ಅಜ್ಜಿಗೆ ಗೊತ್ತಾಗಲಿ ಅಂತ.

ಹತ್ತು ದಿನಕ್ಕೆ ಉತ್ತರ ಬಂತು. ಇನ್‌ಲ್ಯಾಂಡ್ ಲೆಟರಿನಲ್ಲಿ ನಡುಗೋ ಅಕ್ಷರ, ಐದೇ ಸಾಲು. “ನಾನೇನು ಕಾಣೆಯಾಗಿಲ್ಲ, ತಿಪಟೂರಲ್ಲೇ ಇದೀನಿ. ಇಲ್ಲಿ ಅಂಗಳದಲ್ಲಿ ಓಡಾಡ್ತೀನಿ, ಮಂಡಿ ವಾಸಿ. ಸಂಜೆ ಮಾತ್ರ ಹೊತ್ತು ಹೋಗಲ್ಲ, ನೀವು ಬರೋ ಹೊತ್ತಿಗೆ ಕಿವಿ ಬಾಗಿಲ ಕಡೆ ಇರುತ್ತೆ. ಕಾಗದದಲ್ಲಿ ಮೂರು ಕಡೆ ಒತ್ತಕ್ಷರ ತಪ್ಪಿದೆ. ರಜಾಕ್ಕೆ ತಪ್ಪದೇ ಬನ್ನಿ.”

ಸರಿಯಾಗಿ ಕೇಳಿಸದ ಕಿವಿ ಬಾಗಿಲ ಕಡೆ ಇರುತ್ತಂತೆ. ತಂಗಿ ಆ ಸಾಲನ್ನ ಎರಡನೇ ಸಲ ಓದಲಿಲ್ಲ, ಕಾಗದ ಮಡಿಸಿ ಕೊಟ್ಟಳು. ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನಕ್ಕೆ ತಿಪಟೂರಿಗೆ ರೈಲು ಬುಕ್ ಮಾಡಿದ್ದೀವಿ.

ಇಷ್ಟು ಈ ಸಲದ ಪಾಠ. ಓದಿದವರಿಗೆ ಒಂದು ಸಣ್ಣ ಹೋಂವರ್ಕ್ ಇದೆ. ನಮ್ಮದು ಬೆಂಗಳೂರು, ತುಮಕೂರು ಕಡೆಯ ಕನ್ನಡ. ಕ್ಲಬ್ಬಿನಲ್ಲಿ ಧಾರವಾಡದವರಿದ್ದೀರಿ, ಕಲಬುರಗಿಯವರಿದ್ದೀರಿ, ಕುಂದಾಪುರ, ಕಾಸರಗೋಡಿನವರೂ ಇದ್ದೀರಿ. ಯಾರಾದರೂ ಮನೆ ಬಿಟ್ಟು ಹೋದಾಗ ನಿಮ್ಮ ಮನೆಯಲ್ಲಿ ದೊಡ್ಡವರು ಏನಂತಾರೆ? ಇವತ್ತು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಕೇಳಿ, ಬರೆದು ನಮಗೆ ಕಳಿಸಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ತಪ್ಪದೇ ಕಳಿಸಿ.